ಎಳೆದೊಯ್ದ ಮನೆ, ಬಾಡಿಗೆಯ ಮನೆ: ಯೂಟಾ ಹಾದಿಯ ದಿನಚರಿ

ಅಮೆರಿಕದ ಕೊಲರಾಡೋ ರಾಜ್ಯದ ಡೆನ್ವರ್ ಸುತ್ತಮುತ್ತ ನೆಲೆಸಿರುವ ನಮ್ಮಂಥ ಕುಟುಂಬಗಳಲ್ಲಿ ಮಕ್ಕಳು ಸ್ವಲ್ಪ ಬೆಳೆಯುತ್ತಿದ್ದಂತೆ ಒಂದು ಪ್ರಶ್ನೆ ಏಳುತ್ತದೆ. ಹಾಸಿಗೆ, ಒಲೆ, ಶೌಚಾಲಯಗಳಿರುವ ಗಾಲಿಮನೆಯಾದ ಟ್ರಾವೆಲ್ ಟ್ರೇಲರ್ ಒಂದನ್ನು ಕೊಂಡು, ಅದನ್ನು ಕಾರಿನ ಹಿಂದೆ ಎಳೆದುಕೊಂಡು ರಾಷ್ಟ್ರೀಯ ಉದ್ಯಾನಗಳನ್ನು ಸುತ್ತುವುದು ಮೇಲೋ, ಹೋದ ಕಡೆಯಲ್ಲೆಲ್ಲ ಹೋಟೆಲನ್ನೋ ಮನೆಯನ್ನೋ ಬಾಡಿಗೆಗೆ ಹಿಡಿಯುವುದು ಮೇಲೋ? ಹಾಸನದಿಂದ ಅತ್ತೆ ಮಾವ ಬಂದಿದ್ದ ಬೇಸಿಗೆಯಲ್ಲಿ ಇದನ್ನು ಪಕ್ಕದ ಯೂಟಾ ರಾಜ್ಯದ ಹಾದಿಯಲ್ಲಿ, ರಸ್ತೆಯ ಮೇಲೆಯೇ ಒರೆಗೆ ಹಚ್ಚಿ ನೋಡುವ ಅವಕಾಶ ಒದಗಿತು. ನಾವು ಟ್ರೇಲರ್ ಒಂದನ್ನು ಬಾಡಿಗೆಗೆ ಪಡೆದು ಎಳೆದೊಯ್ಯುವುದು, ನನ್ನ ಷಡ್ಡಕ ಮತ್ತು ನಾದಿನಿ ಅವೇ ಊರುಗಳಲ್ಲಿ ವಸತಿ ಕಾಯ್ದಿರಿಸಿಕೊಂಡು ಬರುವುದು, ಹಿರಿಯರಿಬ್ಬರು ಎರಡೂ ಕಡೆ ತಂಗಿ ನೋಡುವುದು ಎಂದು ಮಾತಾಯಿತು. ಶಾಲಾ ಮೇಷ್ಟ್ರಾಗಿ ನಿವೃತ್ತರಾದ ಮಾವನವರು ಎರಡೂ ವಾಹನಗಳು ಹೊರಟ ಹೊತ್ತು, ತಲುಪಿದ ಹೊತ್ತುಗಳನ್ನು ತಮ್ಮ ಕಿರುಪುಸ್ತಕದಲ್ಲಿ ಬರೆದಿಡುವ ಹೊಣೆಯನ್ನು ತಾವಾಗಿಯೇ ವಹಿಸಿಕೊಂಡರು.

ಶುಕ್ರವಾರ, ಡೆನ್ವರ್

ಟ್ರೇಲರ್ ಎಳೆಯುವ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ವಾಹನ ಎಷ್ಟು ಪೌಂಡ್ ಎಳೆಯಬಲ್ಲದು ಎಂದು. ನಮ್ಮ ಎಸ್‌ಯುವಿಯ ಕೈಪಿಡಿಯ ಪ್ರಕಾರ ಅದರ ಶಕ್ತಿ 6,000 ಪೌಂಡ್. ನಾವು ತಂದ 22 ಅಡಿ ಉದ್ದದ ಟ್ರೇಲರ್ ಸಾಮಾನು ತುಂಬಿದ ಮೇಲೆ ಸುಮಾರು 4,600 ಪೌಂಡ್ ತೂಗುತ್ತಿತ್ತು. ಇಷ್ಟನ್ನೇ ನೋಡಿದರೆ ಚಿಂತೆಗೆ ಕಾರಣವಿಲ್ಲ. ಆದರೆ ನಿಜವಾದ ಮಿತಿ ಇರುವುದು ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಚೀಟಿಯಲ್ಲಿ. ವಾಹನದೊಳಗಿನ ಜನ ಮತ್ತು ಸಾಮಾನಿನ ಒಟ್ಟು ತೂಕ ಎಷ್ಟನ್ನು ಮೀರಬಾರದೆಂದು ಅದು ಹೇಳುತ್ತದೆ, ಮತ್ತು ನಮ್ಮ ವಾಹನದಲ್ಲಿ ಆ ಅಂಕಿ 1,350 ಪೌಂಡ್. ಟ್ರೇಲರ್ ತೂಕದ ಶೇ. 10ರಿಂದ 15ರಷ್ಟು ಭಾರ ಅದರ ಮುಂತುದಿಯಿಂದ ಹಿಚ್ ಮೇಲೆ, ಅಂದರೆ ಎಳೆಯುವ ವಾಹನದ ಹಿಂಬದಿಯ ಕೊಂಡಿಯ ಮೇಲೆ, ಬೀಳಲೇಬೇಕು. ಅದು ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡತೊಡಗಿ ಎಳೆಯುವ ವಾಹನವನ್ನೇ ದಾರಿ ತಪ್ಪಿಸಬಲ್ಲದು. ನಮಗೆ ಆ ಭಾರ 560 ಪೌಂಡ್ ಆಗುತ್ತಿತ್ತು, ಅದೂ ಆ 1,350 ಪೌಂಡಿನ ಲೆಕ್ಕಕ್ಕೇ ಸೇರುತ್ತದೆ. ನಾವು ನಾಲ್ವರು, ಭಾರ ಹಂಚುವ ಹಿಚ್‌ನ ಕಬ್ಬಿಣ, ಕೂಲರ್ ಮತ್ತು ಕೆಲವು ಚೀಲಗಳನ್ನು ಕೂಡಿಸಿದ ಮೇಲೆ ಉಳಿದದ್ದು ನೂರು ಪೌಂಡಿಗೂ ಕಡಿಮೆ. ಅಂದರೆ ಹಿಂದಿನ ಸಾಲಿನ ಸೀಟುಗಳು ಖಾಲಿಯಿದ್ದರೂ ಅತ್ತೆ ಮಾವ ನಮ್ಮೊಡನೆ ಕೂರುವಂತಿರಲಿಲ್ಲ; ಅವರು ಷಡ್ಡಕನ ಮಿನಿವ್ಯಾನ್‌ನಲ್ಲಿ ಬರಬೇಕಾಯಿತು. ಆರು ಜನರ ಕುಟುಂಬ ಒಂದೇ ವಾಹನದಲ್ಲಿ ಟ್ರೇಲರ್ ಎಳೆದುಕೊಂಡು ಹೋಗಬೇಕಾದರೆ ಇನ್ನೂ ದೊಡ್ಡ ಪಿಕಪ್ ಬೇಕು, ಅದರ ಬೆಲೆಯನ್ನೂ ಈ ಲೆಕ್ಕಕ್ಕೇ ಸೇರಿಸಬೇಕು. ಟ್ರೇಲರ್ ಮಾರುವವರು ಈ ಮಾತನ್ನು ಮೊದಲೇ ಹೇಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಂಜೆ ಹೆದ್ದಾರಿಯ ಬದಿಯ ಟ್ರಕ್ ನಿಲ್ದಾಣದಲ್ಲಿದ್ದ ತೂಕದ ಸೇತುವೆಯ ಮೇಲೆ ನಿಲ್ಲಿಸಿ, ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರ್ ಅಚ್ಚುಗಳ ಭಾರವನ್ನು ಬೇರೆಬೇರೆಯಾಗಿ ಪಡೆದುಕೊಂಡೆವು. ಕೆಲವೇ ಡಾಲರ್‌ಗಳ ಈ ಕೆಲಸ ಊಹೆಯನ್ನೆಲ್ಲ ತೆಗೆದುಹಾಕುತ್ತದೆ.

ಶನಿವಾರ, ಡೆನ್ವರ್‌ನಿಂದ ಗ್ರ್ಯಾಂಡ್ ಜಂಕ್ಷನ್‌ಗೆ

ಇಂಟರ್‌ಸ್ಟೇಟ್ 70 ಎಂಬ ಅಂತರರಾಜ್ಯ ಹೆದ್ದಾರಿ ಡೆನ್ವರ್‌ನಿಂದ ಪಶ್ಚಿಮಕ್ಕೆ ಹೊರಟ ಕೂಡಲೇ ಪರ್ವತ ಹತ್ತತೊಡಗುತ್ತದೆ. 1973ರಲ್ಲಿ ತೆರೆದ ಐಸೆನ್‌ಹವರ್ ಸುರಂಗದ ಬಳಿ ರಸ್ತೆ 11,000 ಅಡಿಗಿಂತ ಎತ್ತರದಲ್ಲಿರುತ್ತದೆ. ಟರ್ಬೋ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಬಲ ಕಳೆದುಕೊಳ್ಳುವುದರಿಂದ, ಸಮುದ್ರಮಟ್ಟದಲ್ಲಿ ಇದ್ದ ಶಕ್ತಿಯ ಮೂರನೆಯ ಒಂದು ಭಾಗ ಅಲ್ಲಿ ಇರುವುದೇ ಇಲ್ಲ. ಜಾರ್ಜ್‌ಟೌನ್ ದಾಟಿದ ಮೇಲೆ ನಾವು ಬಲಗಡೆಯ ಸಾಲಿನಲ್ಲಿ, ಲಾರಿಗಳ ನಡುವೆ, ಗಂಟೆಗೆ 40 ಮೈಲಿ ವೇಗದಲ್ಲಿ ಏರಿದೆವು. ಏರುವಾಗ ಬೇಕಾದದ್ದು ತಾಳ್ಮೆ ಮಾತ್ರ. ನಿಜವಾದ ಎಚ್ಚರ ಬೇಕಾದದ್ದು ಸುರಂಗದಿಂದ ಹೊರಬಿದ್ದು ಸಿಲ್ವರ್‌ಥಾರ್ನ್ ಕಡೆಗೆ ಇಳಿಯುವಾಗ. ಅಲ್ಲಿ ಶೇ. 7ರವರೆಗಿನ ಇಳಿಜಾರು ಮೈಲಿಗಟ್ಟಲೆ ಸಾಗುತ್ತದೆ, ಮತ್ತು ಬ್ರೇಕ್ ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಜಲ್ಲಿ ತುಂಬಿದ ಏರುದಾರಿಗಳನ್ನು ಪಕ್ಕದಲ್ಲೇ ಮಾಡಿದ್ದಾರೆ. ಕೆಳಗಿನ ಗೇರ್‌ನಲ್ಲಿಟ್ಟು, ಬ್ರೇಕನ್ನು ಸತತವಾಗಿ ಒತ್ತಿ ಹಿಡಿಯದೆ ಆಗಾಗ ಒತ್ತಿ ಬಿಡುತ್ತ, ಟ್ರೇಲರ್ ಚಕ್ರಗಳಿಗೂ ಅದೇ ಹೊತ್ತಿಗೆ ಬ್ರೇಕ್ ಬೀಳುವಂತೆ ಕಂಟ್ರೋಲರ್ ಹೊಂದಿಸಿಕೊಂಡು ಇಳಿದೆವು. ಆಮೇಲೆ 10,662 ಅಡಿ ಎತ್ತರದ ವೇಲ್ ಪಾಸ್‌ನಲ್ಲಿ ಇದೆಲ್ಲ ಮತ್ತೊಮ್ಮೆ ಆಗಬೇಕು.

ಗ್ಲೆನ್‌ವುಡ್ ಕಣಿವೆಯಲ್ಲಿ ಕೊಲರಾಡೋ ನದಿಯ ಪಕ್ಕದಲ್ಲೇ, ಬಂಡೆಗೋಡೆಗಳ ನಡುವೆ, ಕಂಬಗಳ ಮೇಲೆ ಎತ್ತಿ ಕಟ್ಟಿದ ಹೆದ್ದಾರಿ 1992ರಲ್ಲಿ ಪೂರ್ಣಗೊಂಡದ್ದು. ಇಡೀ ಇಂಟರ್‌ಸ್ಟೇಟ್ ಜಾಲದಲ್ಲೇ ಅತ್ಯಂತ ಕಷ್ಟದ ನಿರ್ಮಾಣಗಳಲ್ಲಿ ಇದೂ ಒಂದು. ಹೆಂಡತಿ ಮಕ್ಕಳು ಕಿಟಕಿಗೆ ಅಂಟಿಕೊಂಡು ಅದನ್ನು ನೋಡಿದರು. ನನ್ನ ಕಣ್ಣು ಮಾತ್ರ ರಸ್ತೆ, ಎರಡು ಕನ್ನಡಿ, ಎಂಜಿನ್ ಬಿಸಿಯ ಮುಳ್ಳು ಇಷ್ಟರ ಮೇಲೆಯೇ ಇತ್ತು. ಎಳೆಯುವ ಚಾಲಕನ ಪಾಲಿಗೆ ದಾರಿಯ ನೋಟ ಬಹುಪಾಲು ಇಲ್ಲವೆಂದೇ ತಿಳಿಯಬೇಕು. ಇದು ಯಾವ ಖರ್ಚಿನ ಪಟ್ಟಿಯಲ್ಲೂ ಕಾಣದ ಬೆಲೆ.

ಗ್ಯಾಲನ್‌ಗೆ 20 ಮೈಲಿ ಕೊಡುತ್ತಿದ್ದ ವಾಹನ ಈ ದಿನ 10 ಮೈಲಿಯಷ್ಟೇ ಕೊಟ್ಟಿತು. ಸುಮಾರು 245 ಮೈಲಿಯ ಹಾದಿಗೆ ಇಡೀ ಹಗಲು ಹಿಡಿದದ್ದರಿಂದ ಗ್ರ್ಯಾಂಡ್ ಜಂಕ್ಷನ್ ಬಳಿಯೇ ರಾತ್ರಿ ತಂಗಿದೆವು. ಷಡ್ಡಕನ ಕುಟುಂಬ ನಮಗಿಂತ ತಡವಾಗಿ ಹೊರಟು, ದಾರಿಯಲ್ಲಿ ಊಟಕ್ಕೂ ನಿಂತು, ಇನ್ನೂ 113 ಮೈಲಿ ಮುಂದಿರುವ ಮೊಆಬ್ ಊರನ್ನು ಬೆಳಕಿರುವಾಗಲೇ ಸೇರಿತ್ತು. ಮೊದಲ ದಿನ ಮಾವನವರ ಪುಸ್ತಕದಲ್ಲಿ ಬಿದ್ದ ಈ ಅಂತರ ಮುಂದೆಯೂ ತುಂಬಲಿಲ್ಲ.

ಭಾನುವಾರ, ಡೆಡ್ ಹಾರ್ಸ್ ಪಾಯಿಂಟ್

ಮೊಆಬ್‌ನಲ್ಲಿ ಮಧ್ಯಾಹ್ನ ನೂರು ಡಿಗ್ರಿ ಫ್ಯಾರನ್‌ಹೀಟ್ ಹತ್ತಿರದ ಬಿಸಿಲು. ಆರ್ಚಸ್ ಉದ್ಯಾನದೊಳಗೆ ಇರುವುದು ಡೆವಿಲ್ಸ್ ಗಾರ್ಡನ್ ಎಂಬ ಒಂದೇ ಕ್ಯಾಂಪ್‌ಗ್ರೌಂಡ್. ಅಲ್ಲಿ ವಿದ್ಯುತ್ ಸಂಪರ್ಕವಿಲ್ಲ, ಏಸಿ ಇಲ್ಲದೆ ಹಿರಿಯರನ್ನು ಈ ಬಿಸಿಲಿನಲ್ಲಿ ಮಲಗಿಸುವಂತಿಲ್ಲ. ಆದ್ದರಿಂದ ಊರಿನಿಂದ ಮೂವತ್ತು ಮೈಲಿಗೂ ಹೆಚ್ಚು ದೂರದ, ಮೊಆಬ್‌ಗಿಂತ ಸುಮಾರು ಎರಡು ಸಾವಿರ ಅಡಿ ಎತ್ತರದ ಡೆಡ್ ಹಾರ್ಸ್ ಪಾಯಿಂಟ್ ರಾಜ್ಯ ಉದ್ಯಾನದಲ್ಲಿ ವಿದ್ಯುತ್ ಇರುವ ಜಾಗ ಹಿಡಿದಿದ್ದೆವು. ಅಲ್ಲಿಗೆ ನೀರನ್ನು ಲಾರಿಯಲ್ಲಿ ತರಬೇಕಾದ್ದರಿಂದ ಬರುವವರು ಟ್ಯಾಂಕ್ ತುಂಬಿಸಿಕೊಂಡೇ ಬರಬೇಕೆಂದು ಉದ್ಯಾನದವರು ಮೊದಲೇ ತಿಳಿಸುತ್ತಾರೆ. ಮೊಆಬ್‌ನಲ್ಲಿ ತುಂಬಿದ 30 ಗ್ಯಾಲನ್ ನೀರು ಎಂದರೆ 250 ಪೌಂಡ್ ಹೆಚ್ಚುವರಿ ತೂಕ, ಅದನ್ನು ಹೊತ್ತು ತಿರುವುಗಳ ಏರುರಸ್ತೆಯನ್ನು ಹತ್ತಬೇಕು.

ಜಾಗಕ್ಕೆ ಬಂದ ಮೇಲಿನ ಕೆಲಸಗಳನ್ನು ಹೇಳದಿದ್ದರೆ ಹೋಲಿಕೆ ಪೂರ್ತಿಯಾಗುವುದಿಲ್ಲ. ಹೆಂಡತಿ ಹಿಂದೆ ನಿಂತು ಕೈ ತೋರಿಸುತ್ತಿದ್ದಂತೆ ಟ್ರೇಲರನ್ನು ಹಿಮ್ಮುಖವಾಗಿ ಜಾಗಕ್ಕೆ ಕೂರಿಸಬೇಕು. ಒಂದು ಬದಿಯ ಚಕ್ರದಡಿ ಹಲಗೆ ಕೊಟ್ಟು ಅಡ್ಡಮಟ್ಟ ನೋಡಬೇಕು. ಚಕ್ರಗಳಿಗೆ ಅಡೆ ಇಟ್ಟ ನಂತರವೇ ಹಿಚ್ ಬಿಡಿಸಬೇಕು. ಮುಂತುದಿಯ ಜ್ಯಾಕ್ ತಿರುಗಿಸಿ ಸಮ ಮಾಡಿ, ನಾಲ್ಕು ಮೂಲೆಯ ಆಧಾರಗಳನ್ನು ಇಳಿಸಿ, ವಿದ್ಯುತ್ ತಂತಿ ಜೋಡಿಸಬೇಕು. ಎಲ್ಲ ಸೇರಿ ಸುಮಾರು ಒಂದು ಗಂಟೆ. ಹೊರಡುವಾಗ ಇಷ್ಟನ್ನೂ ತಿರುವು ಮುರುವಾಗಿ ಮಾಡಿ, ಕೊಳೆನೀರಿನ ಟ್ಯಾಂಕ್‌ಗಳನ್ನು ಖಾಲಿ ಮಾಡುವ ಕೆಲಸವನ್ನು ಅದಕ್ಕೆ ಕೂಡಿಸಿಕೊಳ್ಳಬೇಕು. ಕೈಗವಸು ತೊಟ್ಟು, ಮೊದಲು ಶೌಚದ ಟ್ಯಾಂಕ್, ಆಮೇಲೆ ಅಡುಗೆ ಮತ್ತು ಸ್ನಾನದ ನೀರಿನ ಟ್ಯಾಂಕ್ ಎಂಬ ಕ್ರಮದಲ್ಲಿ ಮಾಡಿದರೆ ಎರಡನೆಯದರ ನೀರು ಕೊಳವೆಯನ್ನು ತೊಳೆದುಕೊಂಡು ಹೋಗುತ್ತದೆ. ಒಂದೇ ರಾತ್ರಿಗಾಗಿ ಇಷ್ಟೆಲ್ಲ ಮಾಡುವುದು ದಂಡ. ಎರಡು ಮೂರು ರಾತ್ರಿ ಅಲ್ಲಿಯೇ ಇರುವುದಾದರೆ ಮಾತ್ರ ಆ ಶ್ರಮ ಹರಡಿಹೋಗಿ ಹಗುರವಾಗುತ್ತದೆ.

ಸಂಜೆ ಷಡ್ಡಕ ಅತ್ತೆ ಮಾವನವರನ್ನು ಇಲ್ಲಿಗೆ ಬಿಟ್ಟು, ನಮ್ಮ ಮಕ್ಕಳನ್ನು ಮೊಆಬ್‌ನ ತಮ್ಮ ಬಾಡಿಗೆ ಮನೆಗೆ ಕರೆದುಕೊಂಡು ಹೋದ. ಆ ಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ, ದೊಡ್ಡ ಅಡುಗೆಮನೆ, ಎರಡು ಸ್ನಾನಗೃಹ ಎಲ್ಲವೂ ಇದ್ದವು. ಆದರೂ ಅತ್ತೆಯವರು ಟ್ರೇಲರ್‌ನ ಪುಟ್ಟ ಒಲೆಯ ಮುಂದೆ ನಿಂತು, ಮೇಲಿನ ಗಾಳಿಕಿಂಡಿ ತೆರೆಸಿ, ಇಂಗಿನ ಒಗ್ಗರಣೆ ಹಾಕಿ ಸಾರು ಕುದಿಸಿದಾಗ ಅವರ ಮುಖದಲ್ಲಿ ಕಂಡ ನಿರಾಳವನ್ನು ನಾನು ಆ ಮನೆಯಲ್ಲಿ ಕಾಣಲಿಲ್ಲ. ಕಾರಣ ಅವರೇ ಹೇಳಿದರು: “ಅಲ್ಲಿ ಪಾತ್ರೆ ಯಾರ್‍ಯಾರು ಏನೇನಕ್ಕೆ ಬಳಸಿರ್ತಾರೋ ಗೊತ್ತಿಲ್ಲ. ಇಲ್ಲಿರೋದು ನಮ್ಮ ಪಾತ್ರೆ, ನಮ್ಮ ಹಾಸಿಗೆ.” ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಈ ಮಾತಿಗೆ ಬೆಲೆ ಕೊಡಬೇಕು.

ಸೋಮವಾರ, ಮೇಸಾ ಆರ್ಚ್ ಮತ್ತು ಆರ್ಚಸ್

ಕ್ಯಾನ್ಯನ್‌ಲ್ಯಾಂಡ್ಸ್ ಉದ್ಯಾನದ ಮೇಸಾ ಆರ್ಚ್ ಕಮಾನಿನಡಿ ಸೂರ್ಯೋದಯ ನೋಡುವುದಕ್ಕೆ ಜನ ಕತ್ತಲಿನಲ್ಲೇ ಬಂದು ಕಾಯುತ್ತಾರೆ. ಮೊಆಬ್‌ನಿಂದ ಬರುವವರು ಅದಕ್ಕಾಗಿ ನಿದ್ದೆಗೆಟ್ಟು ಹೊರಡಬೇಕು; ನಮಗೆ ಅದು ಹತ್ತಿರ. ಅತ್ತೆ ಮಾವ ಎದ್ದು, ಕಾಫಿ ಕುಡಿದು, ಹೋಗಿಬರಲು ಒಟ್ಟು ಅರ್ಧ ಮೈಲಿಗೆ ಸ್ವಲ್ಪ ಹೆಚ್ಚಾದ ದಾರಿಯನ್ನು ಕೈಹಿಡಿದು ನಡೆದು, ಕಮಾನಿನ ಒಳಮೈ ಕೆಂಪಗೆ ಬೆಳಗುವ ಹೊತ್ತಿಗೆ ಸರಿಯಾಗಿ ಅಲ್ಲಿದ್ದರು. ಸಕ್ಕರೆ ಕಾಯಿಲೆಯಿರುವ ಮಾವನವರು ರಾತ್ರಿ ಎರಡು ಮೂರು ಬಾರಿ ಏಳಬೇಕಾಗುತ್ತದೆ, ಬೆಳಗ್ಗೆ ಹೊತ್ತಿಗೆ ಸರಿಯಾಗಿ ತಿಂಡಿ ಆಗಬೇಕು. ಶೌಚಾಲಯ, ಫ್ರಿಜ್‌ನಲ್ಲಿ ಇನ್ಸುಲಿನ್, ಬಿಸಿ ಅವಲಕ್ಕಿ ಎಲ್ಲವೂ ಕೆಲವು ಹೆಜ್ಜೆಯೊಳಗೆ ಸಿಕ್ಕಿದ್ದರಿಂದ ಈ ಬೆಳಗು ಅವರಿಗೆ ಸಾಧ್ಯವಾಯಿತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಅಲ್ಲಿಂದ ಬಂದ ಮೇಲೆ ಡೆಡ್ ಹಾರ್ಸ್ ಪಾಯಿಂಟ್‌ನ ಅಂಚಿನಲ್ಲಿ, ಎರಡು ಸಾವಿರ ಅಡಿ ಕೆಳಗೆ ಕೊಲರಾಡೋ ನದಿ ಬಳಸಿಕೊಂಡು ತಿರುಗುವ ಜಾಗವನ್ನು ನೋಡುತ್ತ ಮಾವನವರು ಬಹಳ ಹೊತ್ತು ಕುಳಿತರು.

ಮಧ್ಯಾಹ್ನದ ಮೇಲೆ ಆರ್ಚಸ್ ನೋಡಲು ಹೊರಟಾಗ ಲೆಕ್ಕ ಬದಲಾಯಿತು. ಬಾಡಿಗೆ ಮನೆಯಿಂದ ಉದ್ಯಾನದ ಬಾಗಿಲಿಗೆ ಹತ್ತು ನಿಮಿಷ, ನಮಗೆ ಮುಕ್ಕಾಲು ಗಂಟೆ. ಬಿಸಿಲು ಏರಿದಾಗ ಅವರು ಮನೆಗೆ ಹೋಗಿ ಮಲಗಿ, ಸಂಜೆ ಮತ್ತೆ ಬಂದು ವಿಂಡೋಸ್ ಕಮಾನುಗಳನ್ನು ನೋಡಿದರು. ನಮಗೆ ಹಾಗೆ ಹೋಗಿಬರುವುದು ಆಗದ ಮಾತು.

ಮಂಗಳವಾರ, ಕ್ಯಾಪಿಟಲ್ ರೀಫ್‌ಗೆ

ಗ್ರೀನ್ ರಿವರ್ ದಾಟಿ ಹ್ಯಾಂಕ್ಸ್‌ವಿಲ್ ಕಡೆಗೆ ತಿರುಗಿದ ಮೇಲೆ ಬಯಲು ನೆಲ, ಅಡ್ಡಗಾಳಿ. ಟ್ರೇಲರ್‌ನ ಚಪ್ಪಟೆ ಮೈಗೆ ಬಡಿಯುವ ಗಾಳಿ ಸ್ಟೀರಿಂಗ್‌ನಲ್ಲಿ ತಿಳಿಯುತ್ತದೆ. ನಾನು 55 ಮೈಲಿ ವೇಗ ಮೀರಲಿಲ್ಲ. ಇದಲ್ಲದೆ ಬಹಳಷ್ಟು ಟ್ರೇಲರ್ ಟೈರ್‌ಗಳನ್ನು ಗಂಟೆಗೆ 65 ಮೈಲಿ ವೇಗಕ್ಕಷ್ಟೇ ರೂಪಿಸಿರುತ್ತಾರೆ ಎಂಬುದು 80 ಮೈಲಿ ಮಿತಿಯಿರುವ ಯೂಟಾದ ಹೆದ್ದಾರಿಗಳಲ್ಲಿ ಎಳೆಯುವವರು ಮರೆಯಬಾರದ ಸಂಗತಿ.

ಬುಧವಾರ, ಫ್ರೂಟಾ

ಕ್ಯಾಪಿಟಲ್ ರೀಫ್ ಉದ್ಯಾನದ ಫ್ರೂಟಾ ಕ್ಯಾಂಪ್‌ಗ್ರೌಂಡ್ ಇರುವುದು ಕೆಂಪು ಬಂಡೆಗಳ ನಡುವೆ, ಫ್ರೀಮಾಂಟ್ ನದಿಯ ಬದಿಯಲ್ಲಿ, ಹಣ್ಣಿನ ತೋಟಗಳ ಮಧ್ಯೆ. 1880ರ ದಶಕದಲ್ಲಿ ಇಲ್ಲಿಗೆ ಬಂದ ಮಾರ್ಮನ್ ವಲಸಿಗರು ಕಾಲುವೆ ತೆಗೆದು ನೆಟ್ಟ ತೋಟಗಳ ಪರಂಪರೆಯನ್ನು ಈಗ ರಾಷ್ಟ್ರೀಯ ಉದ್ಯಾನ ಸೇವೆ ಮುಂದುವರಿಸುತ್ತಿದೆ. ತೆರೆದ ತೋಟದಲ್ಲಿ ನಿಂತು ಹಣ್ಣು ತಿಂದರೆ ಹಣವಿಲ್ಲ, ಹೊರಗೆ ಒಯ್ಯುವುದಕ್ಕೆ ಮಾತ್ರ ತೂಗಿಸಿ ಹಣ ಕೊಡಬೇಕು. ಚೆರ್ರಿ ಆಗಷ್ಟೇ ಕೆಂಪಾಗುತ್ತಿತ್ತು. ಮನೆಯ ಹಿಂದೆ ತೆಂಗು, ಸಪೋಟ ಬೆಳೆದಿರುವ ಮಾವನವರು ಕಾಲುವೆಯ ನೀರು ಸಾಲಿನಿಂದ ಸಾಲಿಗೆ ತಿರುಗುವುದನ್ನು ನೋಡುತ್ತ ತೋಟದ ಉದ್ದಕ್ಕೂ ನಡೆದರು.

ವಿದ್ಯುತ್ ಇಲ್ಲ, ನಲ್ಲಿ ಜೋಡಣೆ ಇಲ್ಲ, ಒಂದು ರಾತ್ರಿಗೆ 25 ಡಾಲರ್. ಷಡ್ಡಕನ ವಸತಿ ಇದ್ದದ್ದು ಹನ್ನೊಂದು ಮೈಲಿ ದೂರದ ಟಾರಿ ಊರಿನಲ್ಲಿ, ಒಂದು ರಾತ್ರಿಗೆ 190 ಡಾಲರ್. ಅದು ಅಚ್ಚುಕಟ್ಟಾದ ಕೋಣೆ, ಒಳ್ಳೆಯ ಹಾಸಿಗೆ, ದೂರು ಹೇಳುವಂಥದ್ದೇನೂ ಇರಲಿಲ್ಲ. ಆದರೆ ಅಲ್ಲಿ ಮಲಗಿದ್ದ ನಮ್ಮ ಮಕ್ಕಳು ಬೆಳಗ್ಗೆ ಎದ್ದವರೇ ನಮ್ಮ ಟ್ರೇಲರ್‌ಗೆ ಬರಬೇಕೆಂದು ಹಟ ಹಿಡಿದು, ಕತ್ತಲಾಗುವವರೆಗೆ ತೋಟದಲ್ಲೇ ಆಡಿಕೊಂಡಿದ್ದರು. ಅತ್ತೆಯವರು ಅಕ್ಕಿರೊಟ್ಟಿ ತಟ್ಟಿದರು. ಮರದಡಿಯ ಮೇಜಿನ ಸುತ್ತ ಎಂಟು ಜನ ಕುಳಿತು ತಿಂದೆವು. ಟ್ರೇಲರ್ ಪರವಾಗಿ ಮಾತಾಡಲು ನನಗೆ ಈ ಪ್ರವಾಸದಲ್ಲಿ ಸಿಕ್ಕ ಅತ್ಯಂತ ಬಲವಾದ ದಿನ ಇದು, ಮತ್ತು ಆ ದಿನ ಅದು ಒಂದು ಮೈಲಿಯೂ ಚಲಿಸಿರಲಿಲ್ಲ.

ಗುರುವಾರ, ಬ್ರೈಸ್ ಕ್ಯಾನ್ಯನ್‌ಗೆ

ಟಾರಿಯಿಂದ ಬ್ರೈಸ್‌ಗೆ ಹೋಗುವ ಹೆದ್ದಾರಿ 12 ಅಮೆರಿಕದ ಅತಿ ಸುಂದರ ರಸ್ತೆಗಳಲ್ಲಿ ಒಂದು. ಅದು ಬೌಲ್ಡರ್ ಪರ್ವತದ ಮೇಲೆ 9,600 ಅಡಿಗೆ ಏರಿ, ಬೌಲ್ಡರ್ ಊರು ದಾಟಿದ ಮೇಲೆ ಹಾಗ್‌ಬ್ಯಾಕ್ ಎಂಬ ಕಿರಿದಾದ ದಿಣ್ಣೆಯ ನೆತ್ತಿಯಲ್ಲಿ ಸಾಗುತ್ತದೆ. ಅಲ್ಲಿ ಎರಡೂ ಬದಿ ಪ್ರಪಾತ. ಟ್ರೇಲರ್ ಎಳೆದುಕೊಂಡು ಆ ದಾರಿಯಲ್ಲಿ ಹೋಗುವವರು ಇದ್ದಾರೆ. ನಮ್ಮ ವಾಹನದ ಶಕ್ತಿ, ಅದರ ಬ್ರೇಕ್, ನನ್ನ ಅನುಭವ ಇವುಗಳನ್ನು ಕೂಡಿಸಿ ನೋಡಿದಾಗ ಲೋವ ಎಂಬ ಊರಿನ ಕಡೆಯಿಂದ ಸುತ್ತಿಹೋಗುವುದೇ ಸರಿಯೆನಿಸಿತು. ಹೆಂಡತಿ ಮಕ್ಕಳನ್ನು ಮಿನಿವ್ಯಾನ್‌ಗೆ ಹತ್ತಿಸಿ ಕಳುಹಿಸಿ ನಾನೊಬ್ಬನೇ ಬಂದೆ. ಆ ರಸ್ತೆಯ ಫೋಟೋಗಳನ್ನು ಸಂಜೆ ನೋಡಿದಾಗ ನೋವಾಯಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ದಾರಿಯೇ ಪ್ರವಾಸದ ಮುಖ್ಯ ಭಾಗವಾಗಿರುವ ಕಡೆ ಟ್ರೇಲರ್ ಒಂದು ಅಡ್ಡಿ.

ಶುಕ್ರವಾರ, ಬ್ರೈಸ್

ಬ್ರೈಸ್‌ನ ನಾರ್ತ್ ಕ್ಯಾಂಪ್‌ಗ್ರೌಂಡ್ ಸುಮಾರು 8,000 ಅಡಿ ಎತ್ತರದಲ್ಲಿದ್ದು ಕಣಿವೆಯ ಅಂಚಿಗೆ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿದೆ. ಮೊಆಬ್‌ನಲ್ಲಿ ಏಸಿ ಬೇಡಿದ ನಮಗೆ ಇಲ್ಲಿ ಜೂನ್‌ನ ರಾತ್ರಿ ಹೀಟರ್ ಬೇಕಾಯಿತು. ಹೀಟರ್ ಉರಿಯುವುದು ಪ್ರೊಪೇನ್‌ನಿಂದಾದರೂ ಅದರ ಬಿಸಿಗಾಳಿ ಊದುವ ಫ್ಯಾನ್ ನಡೆಯುವುದು ಬ್ಯಾಟರಿಯಿಂದ. ಜನರೇಟರ್ ಓಡಿಸಲು ಹಗಲಿನ ನಿಗದಿತ ಗಂಟೆಗಳಲ್ಲಿ ಮಾತ್ರ ಅನುಮತಿ, ಆದ್ದರಿಂದ ಬೆಳಗಿನ ಜಾವದ ಹೊತ್ತಿಗೆ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಈ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಗ ಬೇಯುವುದಿಲ್ಲ. ಅತ್ತೆಯವರು ತಮ್ಮ ಕುಕ್ಕರನ್ನು ಹಾಸನದಿಂದಲೇ ತಂದಿದ್ದರು.

ಆದರೆ ರಾತ್ರಿಯ ಆಕಾಶಕ್ಕೆ ಸಮನಾದದ್ದು ಬೇರೊಂದಿಲ್ಲ. 2019ರಲ್ಲಿ ಅಂತರರಾಷ್ಟ್ರೀಯ ಡಾರ್ಕ್ ಸ್ಕೈ ಪಾರ್ಕ್ ಮನ್ನಣೆ ಪಡೆದ ಈ ಉದ್ಯಾನದಲ್ಲಿ, ಟ್ರೇಲರ್ ಬಾಗಿಲು ತೆರೆದು ನಾಲ್ಕು ಹೆಜ್ಜೆ ಇಟ್ಟರೆ ಆಕಾಶಗಂಗೆ ಸ್ಪಷ್ಟವಾಗಿ ಕಾಣುತ್ತದೆ. ಇದು ಟ್ರೇಲರ್‌ನವರಿಗಷ್ಟೇ ಮೀಸಲಾದ ಸುಖವಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ 1925ರಲ್ಲಿ ತೆರೆದ ಬ್ರೈಸ್ ಲಾಡ್ಜ್ ಕೂಡ ಕಣಿವೆಯ ಅಂಚಿನ ಹತ್ತಿರವೇ ಇದೆ. ಅಲ್ಲಿ ಕೋಣೆ ಸಿಗುವುದು ಬಹಳ ಮೊದಲೇ ಕಾಯ್ದಿರಿಸಿದವರಿಗೆ. ಷಡ್ಡಕನಿಗೆ ಸಿಕ್ಕದ್ದು ಉದ್ಯಾನದ ಬಾಗಿಲ ಹೊರಗಿನ ಹೋಟೆಲ್.

ಹಗಲು ಎಲ್ಲರೂ ಝಯಾನ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬಂದೆವು. ಅದರ ಪೂರ್ವ ಬಾಗಿಲಿನ ಹಾದಿಯಲ್ಲಿ 1930ರಲ್ಲಿ ಮುಗಿದ, ಒಂದು ಮೈಲಿಗಿಂತ ಉದ್ದದ ಸುರಂಗವಿದೆ. ಅದನ್ನು ಕೊರೆದದ್ದು ಇಂದಿನ ಟ್ರೇಲರ್‌ಗಳ ಅಳತೆಗಲ್ಲ. ಟ್ರೇಲರನ್ನು ಬ್ರೈಸ್‌ನಲ್ಲೇ ಬಿಟ್ಟು ಬಂದದ್ದರಿಂದ ನಮಗೆ ಆ ತೊಡಕು ಬರಲಿಲ್ಲ.

ಶನಿವಾರ ಮತ್ತು ಭಾನುವಾರ, ಹಿಂದಿರುಗುವ ಹಾದಿ

ಸಲೈನಾ ಊರಿನಲ್ಲಿ ಟ್ಯಾಂಕ್ ತುಂಬಿಸಿಕೊಂಡೆವು. ಅಲ್ಲಿಂದ ಗ್ರೀನ್ ರಿವರ್‌ವರೆಗೆ ನೂರು ಮೈಲಿಗೂ ಹೆಚ್ಚು ದೂರ ಇಂಟರ್‌ಸ್ಟೇಟ್ 70ರಲ್ಲಿ ಪೆಟ್ರೋಲ್, ಊಟ ಯಾವುದೂ ಇಲ್ಲ. ಇಂಥ ಉದ್ದದ ಬರಿದಾದ ಹಾದಿ ಇಡೀ ಇಂಟರ್‌ಸ್ಟೇಟ್ ಜಾಲದಲ್ಲಿ ಬೇರೊಂದಿಲ್ಲ. ಅಂದು ರಾತ್ರಿ ಎರಡೂ ಕುಟುಂಬಗಳು ಗ್ರ್ಯಾಂಡ್ ಜಂಕ್ಷನ್‌ನಲ್ಲಿ ಉಳಿದವು. ಷಡ್ಡಕ ಹೋಟೆಲ್ ಸೇರಿ ಹತ್ತು ನಿಮಿಷದಲ್ಲಿ ಕಾಲು ಚಾಚಿದ್ದ. ನಾನು ಕತ್ತಲಲ್ಲಿ ಹಲಗೆ ಜೋಡಿಸುತ್ತಿದ್ದೆ.

ಭಾನುವಾರ ಮನೆ ಸೇರಿದ ಮೇಲೆ ಲೆಕ್ಕಕ್ಕೆ ಕುಳಿತೆವು. ಟ್ರೇಲರ್ ಬಾಡಿಗೆ, ವಿಮೆ, ಶುಚಿ ಶುಲ್ಕ, ಕ್ಯಾಂಪ್ ಜಾಗಗಳು, ಹೆಚ್ಚುವರಿ ಪೆಟ್ರೋಲ್ ಸೇರಿ ನಮಗಾದದ್ದು 1,800 ಡಾಲರ್ ಚಿಲ್ಲರೆ. ಬಾಡಿಗೆ ಮನೆ, ಹೋಟೆಲ್‌ಗಳು, ತೆರಿಗೆ, ಅವರ ಶುಚಿ ಶುಲ್ಕ ಸೇರಿ ಷಡ್ಡಕನಿಗಾದದ್ದು ಸುಮಾರು 2,000. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಟ್ರೇಲರ್ ಕೊಳ್ಳುವುದಾದರೆ ಅದು ಬೇರೆಯೇ ಲೆಕ್ಕ. ನಾವು ನೋಡಿಟ್ಟಿದ್ದ ಟ್ರೇಲರ್‌ನ ಬೆಲೆ 28,000 ಡಾಲರ್. ನಮ್ಮ ಬಡಾವಣೆಯ ಸಂಘ ಅದನ್ನು ಮನೆಯ ಮುಂದೆ ನಿಲ್ಲಿಸಲು ಬಿಡುವುದಿಲ್ಲ, ಹೊರಗೆ ನಿಲ್ಲಿಸುವ ಬಾಡಿಗೆ ತಿಂಗಳಿಗೆ ನೂರು. ವಿಮೆ, ನೋಂದಣಿ, ಚಳಿಗಾಲಕ್ಕೆ ಮುನ್ನ ಕೊಳವೆಗಳನ್ನು ಬರಿದು ಮಾಡಿಸುವುದು, ಟೈರ್, ವರ್ಷವರ್ಷ ಇಳಿಯುವ ಬೆಲೆ ಎಲ್ಲ ಸೇರಿದರೆ ನನ್ನ ಅಂದಾಜಿನಲ್ಲಿ ವರ್ಷಕ್ಕೆ 5,000 ಡಾಲರ್. ಶಾಲೆಯ ರಜೆಗಳನ್ನು ನಂಬಿದ ನಾವು ವರ್ಷಕ್ಕೆ ಇಪ್ಪತ್ತು ರಾತ್ರಿ ಬಳಸಿದರೂ, ಕ್ಯಾಂಪ್ ಜಾಗದ ಹಣ ಕೊಡುವ ಮೊದಲೇ ಪ್ರತಿ ರಾತ್ರಿಗೆ 250 ಡಾಲರ್ ಬೀಳುತ್ತದೆ.

“ಅಳಿಯಂದಿರೇ, ನಡೆಸುವ ದಿನ ಅದು ನಿಮ್ಮನ್ನು ದಣಿಸಿತು, ನಿಲ್ಲಿಸಿದ ದಿನ ನಮ್ಮೆಲ್ಲರನ್ನೂ ಸಾಕಿತು. ನಿಲ್ಲಿಸುವ ದಿನಗಳಿಗಷ್ಟೇ ತನ್ನಿ,” ಎಂದು ಮಾವನವರು ತಮ್ಮ ಪುಸ್ತಕದ ಪುಟಗಳನ್ನು ತಿರುವುತ್ತ ಹೇಳಿದರು. ಅವರು ಗುರುತಿಸಿದ್ದ ಪ್ರಕಾರ, ಮುಂದಕ್ಕೆ ಸಾಗಿದ ದಿನಗಳಲ್ಲೆಲ್ಲ ನಾವು ಮಿನಿವ್ಯಾನ್‌ಗಿಂತ ಎರಡು ಗಂಟೆಗೆ ಕಡಿಮೆಯಿಲ್ಲದಂತೆ ಹಿಂದೆ ಬಿದ್ದಿದ್ದೆವು.

ಟ್ರೇಲರ್ ಕೊಳ್ಳುವ ಯೋಚನೆಯನ್ನು ಕೈಬಿಟ್ಟೆವು. ದಿನಕ್ಕೊಂದು ಊರು ನೋಡುವ ಪ್ರವಾಸವಾದರೆ ಹೋಟೆಲ್ ಮತ್ತು ಬಾಡಿಗೆ ಮನೆ. ಉದ್ಯಾನದೊಳಗೇ ನಾಲ್ಕೈದು ರಾತ್ರಿ ಒಂದೇ ಜಾಗದಲ್ಲಿ ಇರುವುದಾದರೆ, ಆ ಜಾಗಕ್ಕೆ ಹತ್ತಿರದ ಊರಿನಲ್ಲಿ ಬಾಡಿಗೆಗೆ ಸಿಗುವ, ಸಾಧ್ಯವಾದರೆ ಮಾಲೀಕರೇ ತಂದು ನಿಲ್ಲಿಸಿಕೊಡುವ ಟ್ರೇಲರ್. ಬರುವ ಜೂನ್‌ಗೆ ಫ್ರೂಟಾದಲ್ಲಿ ಅಕ್ಕಪಕ್ಕದ ಎರಡು ಜಾಗ ಬೇಕೆಂದು ಅಕ್ಕ ತಂಗಿ ತೀರ್ಮಾನಿಸಿದ್ದಾರೆ. ಅಲ್ಲಿನ ಕಾಯ್ದಿರಿಸುವಿಕೆ ಆರು ತಿಂಗಳ ಮೊದಲು ತೆರೆಯುವುದರಿಂದ ಡಿಸೆಂಬರ್‌ನಲ್ಲಿ ಅದನ್ನು ಹಿಡಿಯುವ ಕೆಲಸವನ್ನು ಷಡ್ಡಕ ಒಪ್ಪಿಕೊಂಡಿದ್ದಾನೆ, ಟ್ರೇಲರ್ ತಂದು ನಿಲ್ಲಿಸಿಕೊಡುವವರನ್ನು ಹುಡುಕುವ ಕೆಲಸ ನನ್ನದು.